ಆನೆಗೆ ಎರಡೇ ಮನೆ

ಫೆಬ್ರುವರಿ ೯, ಭಾನುವಾರ. ಬೆಳಿಗ್ಗೆ

ತಮ್ಮಯ್ಯ, ಹೇಗಿದ್ದೀಯ. ನಿನ್ನ ಹೆಂಡತಿ ಸಣ್ಣಮ್ಮನ ಮಂಡಿ ಹೇಗಿದೆ, ಮೆಟ್ಟಿಲು ಹತ್ತುವಾಗ ಈಗಲೂ ಗೋಡೆ ಹಿಡಿಯುತ್ತಾಳಾ. ಮಗಳು ಗುಬ್ಬಿಗೆ ಹೊಸ ಕೆಲಸ ಒಗ್ಗಿತಾ. ನಿಮ್ಮ ಮುದಿ ಬೆಕ್ಕು ಸಾಹೇಬ ಇನ್ನೂ ಇದ್ದಾನಾ, ಇಲ್ಲಾ... ಕೇಳಬಾರದು. ಇಲ್ಲಿ ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ಸಕ್ಕರೆ ಸ್ವಲ್ಪ ಮೇಲೆ ಕೆಳಗೆ. ನನಗೆ ಎಡಭುಜ ಹಿಡಿದುಕೊಂಡಿದೆ. ಮೂವತ್ತೊಂದು ವರ್ಷ ಬಸ್ಸಿನ ಟೈರು ಎತ್ತಿದ ಭುಜ, ಅದರದೇನೂ ತಪ್ಪಿಲ್ಲ.

ನೀನು ಇದನ್ನು ಓದುವುದಿಲ್ಲ. ಮೂರು ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಆದರೂ ಈ ನೋಟ್‌ಬುಕ್ ತೆರೆದರೆ ಕೈ ತಾನಾಗಿ ನಿನ್ನ ಕ್ಷೇಮ ಕೇಳಿಕೊಂಡೇ ಶುರು ಮಾಡುತ್ತದೆ. ಚಟ.

ನಿನ್ನೆಯ ಆಟ ಬರೆದಿಡಬೇಕು. ಸಿಟ್ಟಿನಲ್ಲಿ ನಡೆಗಳು ಹಿಂದುಮುಂದಾಗುವ ಮೊದಲು.

ಕಚೇರಿಗಳ ಚೆಸ್ ಲೀಗಿನ ಕೊನೇ ಪಂದ್ಯ. ನಮ್ಮ ಬಸ್ ಡಿಪೋ, ಎದುರಿಗೆ ನಿಮ್ಮ ನೀರು ಸರಬರಾಜು ಕಚೇರಿ. ನಾಲ್ಕನೇ ಬೋರ್ಡಿನಲ್ಲಿ ನಾನು. ಕುರ್ಚಿ ಎಳೆದುಕೊಂಡು ಎದುರು ಕೂತವನು ನೀನು. ಕೈ ಕುಲುಕಿದೆವು, ನಿಯಮ ಇದೆ ಅಂತ. ನಿನ್ನ ಕೈ ತಣ್ಣಗಿತ್ತು.

ಇಪ್ಪತ್ತನಾಲ್ಕನೇ ನಡೆ. ರಾಣಿಯನ್ನು ಕೊಟ್ಟೆ. ಬದಲಿಗೆ ನಿನ್ನ ಒಂದು ಆನೆ, ಒಂದು ಒಂಟೆ. ನಿನ್ನ ಹುಬ್ಬು ಮೇಲೆ ಹೋಯಿತು. ಅಣ್ಣನಿಗೆ ವಯಸ್ಸಾಯಿತು ಅಂದುಕೊಂಡೆಯೋ ಏನೋ. ಆಮೇಲೆ ಒಂದೊಂದೇ ಕಾಯಿ ಎರಡೂ ಕಡೆ ಉದುರಿದವು. ಕೊನೆಗೆ ನಿನಗೆ ಒಂದು ರಾಣಿ, ಒಂದು ಸಿಪಾಯಿ. ನನಗೆ ಒಂದು ಆನೆ, ಒಂದು ಸಿಪಾಯಿ.

ಪುಸ್ತಕದ ಲೆಕ್ಕದಲ್ಲಿ ನಾನು ನಾಲ್ಕು ಪಾಯಿಂಟ್ ಹಿಂದೆ. ಆದರೆ ನನ್ನ ಸಿಪಾಯಿ ಇನ್ನೂ ಹುಟ್ಟಿದ ಮನೆ ಬಿಟ್ಟಿಲ್ಲ. ಅವನ ಬೆನ್ನಿಗೆ ರಾಜ. ಸಿಪಾಯಿಯ ಕಾವಲಿರುವುದು ಎರಡೇ ಮನೆಗೆ, ಎಡಕ್ಕೊಂದು ಬಲಕ್ಕೊಂದು. ಆ ಎರಡರ ನಡುವೆ ಆನೆ ಹೋಗುತ್ತದೆ, ಬರುತ್ತದೆ. ಅಷ್ಟೇ. ನಿನ್ನ ರಾಣಿ ಹೊರಗೆ ಎಷ್ಟು ಸುತ್ತಿದರೂ ಒಳಗೆ ಬರಲು ದಾರಿಯಿಲ್ಲ. ನಿನ್ನ ರಾಜ ಆ ಸಾಲು ದಾಟಲಾರ. ಸಿಪಾಯಿಯನ್ನು ಜಾಸ್ತಿ ಮುಂದೆ ತಳ್ಳಿದರೆ ಆನೆಯ ಬಾಯಿಗೆ.

ಮೂವತ್ತೆಂಟು ನಡೆ ಸುತ್ತಿದೆ ನೀನು. ಎಣಿಸಿದ್ದೇನೆ. ಇನ್ನು ಹನ್ನೆರಡು ಆಗಿದ್ದರೆ, ಕಾಯಿ ಬೀಳದೆ ಸಿಪಾಯಿ ಕದಲದೆ ಐವತ್ತು ತುಂಬಿ ತಾನಾಗಿ ಡ್ರಾ. ಅಷ್ಟರಲ್ಲಿ ಏಳು ಗಂಟೆ. ವಾಚ್‌ಮನ್ ಬೀಗದ ಕೈ ಅಲ್ಲಾಡಿಸುತ್ತಾ ಬಾಗಿಲಲ್ಲಿ.

"ಡ್ರಾ ತಾನೇ?" ಎಂದು ನಾನು ಕೇಳಿದೆ.

ನೀನು ಬೋರ್ಡು ನೋಡಿದೆ. ನನ್ನನ್ನು ನೋಡಲಿಲ್ಲ. "ಅವರು ನೋಡಿ ಹೇಳಲಿ ಬಿಡು."

ಅವರು ಅಂದರೆ ಲೀಗಿನ ಕಾರ್ಯದರ್ಶಿ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು, ಎಲ್ಲರೂ ಎಕ್ಸ್‌ರೇ ಅಂತಲೇ ಕರೆಯುವುದು. ಫೋನಿನ ಚೆಸ್ ಆಪ್‌ಗೆ ಕಾಯಿಗಳ ಜಾಗ ತುಂಬಿದ. ಕಾಲು ನಿಮಿಷ. "ಪ್ಲಸ್ ನಾಲ್ಕು ಪಾಯಿಂಟ್ ಒಂದು. ನೀರಿನವರು ಗೆದ್ರು."

ನೀನು ಕೋಟು ಹಾಕಿಕೊಂಡು ಹೊರಟೆ.

ಫೆಬ್ರುವರಿ ೧೦

ನಿದ್ದೆ ಸರಿಯಿಲ್ಲ.

ಹಿಂದೆ ಎಕ್ಸ್‌ರೇಯ ಜಾಗದಲ್ಲಿ ಗಣಿತದ ಮೇಷ್ಟ್ರು ಇದ್ದರು. ಆಟ ಮುಗಿಯದೆ ಬೀಗ ಬಿದ್ದರೆ ಕಾಯಿಗಳ ಚಿತ್ರ ಬರೆದುಕೊಂಡು ಮನೆಗೆ ಒಯ್ಯುತ್ತಿದ್ದರು. ಒಂದು ವಾರ ಕೂರುತ್ತಿದ್ದರು. ಆಮೇಲೆ ಅರ್ಧ ಹಾಳೆಯಲ್ಲಿ ತೀರ್ಪು, ಯಾಕೆ ಅಂತ ಕಾರಣ ಸಮೇತ. ಒಮ್ಮೆ ನನ್ನನ್ನು ಸೋಲಿಸಿ ಎಷ್ಟು ಚೆನ್ನಾಗಿ ಬರೆದಿದ್ದರು ಅಂದರೆ, ಓದಿ ಖುಷಿಯಾಗಿತ್ತು. ಅವರು ಹೋದರು. ಈಗ ನಿಯಮ: ಫೋನು ಎರಡು ಪಾಯಿಂಟಿಗಿಂತ ಹೆಚ್ಚು ತೋರಿಸಿದರೆ ಗೆಲುವು, ಇಲ್ಲದಿದ್ದರೆ ಡ್ರಾ. ಕಾರಣ ಕೇಳುವ ಹಾಗಿಲ್ಲ. ಯಾರನ್ನು ಕೇಳುವುದು.

ಈ ಅರ್ಧ ಅಂಕ ಯಾಕೆ ಬೇಕು ಅಂತ ಬರೆದಿಡುತ್ತೇನೆ. ಅರ್ಧ ಸಿಕ್ಕರೆ ಡಿಪೋ ಲೀಗಿನಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಹೊರಗೆ. ಹೊರಗೆ ಬಿದ್ದರೆ ಟೈರ್ ಸ್ಟೋರಿನ ಪಕ್ಕದ ಚೆಸ್ ಕೋಣೆಗೆ ಫೈಲು ತುಂಬಿಸುತ್ತೇನೆ ಅಂತ ಮ್ಯಾನೇಜರ್ ಆಗಲೇ ಹೇಳಿದ್ದಾನೆ. ನನ್ನಂಥ ರಿಟೈರ್ ಆದವರಿಗೆ ಗೇಟ್ ಪಾಸ್ ಕೊಟ್ಟಿರುವುದು ಟೀಮಿನ ಹೆಸರಲ್ಲಿ. ಟೀಮಿಲ್ಲ ಅಂದರೆ ಪಾಸಿಲ್ಲ. ಪಾಸಿಲ್ಲ ಅಂದರೆ ಬೆಳಿಗ್ಗೆ ಹತ್ತು ಗಂಟೆಗೆ ಶರ್ಟು ಹಾಕಿಕೊಂಡು ಎಲ್ಲಿಗೆ ಹೋಗಲಿ.

ನಿಮ್ಮ ಟೀಮು ಮೂರನೇ ಜಾಗದಲ್ಲಿದೆ. ಸೋತರೂ ಮೂರು, ಗೆದ್ದರೂ ಮೂರು. ನಿನಗೆ ಆ ಅರ್ಧ ಬೇಕಾಗಿಯೇ ಇರಲಿಲ್ಲ.

ಫೆಬ್ರುವರಿ ೧೩, ಗುರುವಾರ

ನಮ್ಮ ಕ್ಯಾಪ್ಟನ್ ಬಂದಿದ್ದಳು. ಏಳನೇ ನಂಬರ್ ಬಸ್ಸಿನ ಕಂಡಕ್ಟರಮ್ಮ. ಡ್ಯೂಟಿ ಮುಗಿಸಿ ಸೀದಾ. ಟಿಕೆಟ್ ಮೆಷಿನ್ ಇನ್ನೂ ಹೆಗಲಲ್ಲಿ.

"ಮೇಸ್ತ್ರಿ, ರೂಲ್ ಬುಕ್ ಪೂರ್ತಿ ಓದಿದೆ. ನಮ್ಮ ಬಸ್ಸಲ್ಲಿ ಜನ ನಿಲ್ದಾಣದ ಬೋರ್ಡನ್ನೇ ಓದಲ್ಲ, ನಾನು ಹದಿನಾಲ್ಕು ಪುಟ ಓದಿದ್ದೀನಿ. ಹದಿನೈದು ದಿನದೊಳಗೆ ಇಬ್ಬರು ಆಟಗಾರರೂ ಡ್ರಾ ಅಂತ ಸಹಿ ಹಾಕಿದ್ರೆ ಫಲಿತಾಂಶ ಬದಲಾಗತ್ತೆ."

"ಇಬ್ಬರೂ."

"ನಿಮ್ಮ ತಮ್ಮನೇ ಅಲ್ವಾ. ಒಂದು ಫೋನ್ ಮಾಡಿ ಕೇಳಿ."

ಒಳಗಿನಿಂದ ನಿನ್ನ ಅತ್ತಿಗೆ, "ಅವರು ಫೋನ್ ಮಾಡಲ್ಲಮ್ಮ. ಇವರಿಬ್ಬರ ಮಧ್ಯೆ ಒಂದು ಕುದುರೆ ಸತ್ತಿದೆ, ಮೂರು ವರ್ಷದಿಂದ ಇನ್ನೂ ಸೂತಕ ಕಳೆದಿಲ್ಲ."

ಕಂಡಕ್ಟರಮ್ಮ ನಕ್ಕಳು. ನನಗೂ ನಗು ಬಂತು, ತಡೆದುಕೊಂಡೆ.

ಅವಳಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ಇಪ್ಪತ್ತು ವರ್ಷ ಪ್ರತಿ ಭಾನುವಾರ ನಿನ್ನ ಮನೆಯಲ್ಲಿ ಆಡಿದೆವು. ಆ ಭಾನುವಾರ ಕುದುರೆ ಬಲಿ ಕೊಟ್ಟು ನಿನ್ನನ್ನು ಸೋಲಿಸಿದೆ. ಅಂಥ ಆಟ ಜೀವಮಾನದಲ್ಲಿ ಒಂದೋ ಎರಡೋ. ನೀನು ಕೈ ಕೊಟ್ಟೆ, ಚೆನ್ನಾಗಿ ಆಡಿದೆ ಎಂದೆ. ಆಮೇಲೆ ಫೋನು ತೆಗೆದು ಅರ್ಧ ಗಂಟೆ ಬೆರಳಾಡಿಸಿದೆ. "ಅಣ್ಣ, ಆ ಕುದುರೆ ಬಲಿ ತಪ್ಪು. ಅಲ್ಲಿಗೇ ನೀನು ಸೋತಿದ್ದೆ. ನನಗೆ ಗೊತ್ತಾಗಲಿಲ್ಲ ಅಷ್ಟೇ." ಖುಷಿಯಿಂದ ಹೇಳಿದೆ. ಕೆಟ್ಟ ಮನಸ್ಸಿನಿಂದ ಅಲ್ಲ, ಅದೇ ಕಷ್ಟ. ನಾನು ಗೆದ್ದ ಆಟದಲ್ಲಿ ನನ್ನನ್ನು ಸೋಲಿಸಿ, ಅದನ್ನು ನನಗೇ ತೋರಿಸಿದೆ.

ಮುಂದಿನ ಭಾನುವಾರ ಹೋಗಲಿಲ್ಲ. ನೀನೂ ಕರೆಯಲಿಲ್ಲ.

ಫೆಬ್ರುವರಿ ೧೫, ಶನಿವಾರ. ರಾತ್ರಿ

ಯೂನಿಯನ್ ಹಾಲ್. ಎಕ್ಸ್‌ರೇಯನ್ನು ಕಂಡಕ್ಟರಮ್ಮ ಹಿಡಿದು ಕೂರಿಸಿದ್ದಳು. ಟಿಕೆಟ್ ಇಲ್ಲದ ಪ್ರಯಾಣಿಕನನ್ನು ಕೂರಿಸುವ ಹಾಗೆ.

"ಫೋನೇ ಎರಡೂ ಕಡೆ ಆಡಲಿ ಯಜಮಾನ್ರೇ," ಎಂದ ಅವನು. "ಡ್ರಾ ಇದ್ರೆ ಡ್ರಾ ಆಗತ್ತೆ. ನನ್ನದೇನೂ ಹಟ ಇಲ್ಲ."

ಒಪ್ಪಿಕೊಂಡೆ. ಅದೇ ತಪ್ಪು. ಒಳ್ಳೆಯ ಮಾತಿನ ಹಾಗೆ ಕೇಳಿಸಿತು.

ಆರಂಭ ಚೆನ್ನಾಗಿತ್ತು. ಆನೆ ಅಲ್ಲಿಗೆ, ಆನೆ ಇಲ್ಲಿಗೆ. ಹದಿನಾರನೇ ನಡೆಯಲ್ಲಿ ನನ್ನ ಕಡೆಯ ಫೋನು ಸಿಪಾಯಿಯನ್ನು ಎತ್ತಿ ಎರಡು ಮನೆ ಮುಂದೆ ಇಟ್ಟಿತು. ಕಾವಲು ಹೋಯಿತು. ರಾಣಿ ಒಳಗೆ. ಇನ್ನೊಂದಿಷ್ಟು ನಡೆಗೆ ರಾಜ ಮುಗಿದ.

"ನೋಡಿದ್ರಾ," ಎಕ್ಸ್‌ರೇ.

"ಏನು ನೋಡೋದು? ಬಾಗಿಲನ್ನ ಅದೇ ತೆಗೀತು."

"ಅದು ನಿಮಗಿಂತ ಚೆನ್ನಾಗಿ ಆಡತ್ತೆ ಯಜಮಾನ್ರೇ. ಅದಕ್ಕೇ ಉಳಿಸಿಕೊಳ್ಳಕ್ಕಾಗಲಿಲ್ಲ ಅಂದ್ರೆ..."

ನನ್ನ ಕಡೆ ಆಡುವ ಫೋನಿಗೆ ತಾನು ಸೋತೇ ಇದ್ದೇನೆ ಅಂತ ಮೊದಲೇ ನಂಬಿಕೆ. ಸುಮ್ಮನಿದ್ದರೂ ಮೈನಸ್ ನಾಲ್ಕು, ಕದಲಿದರೂ ಮೈನಸ್ ನಾಲ್ಕು. ಅದರ ಕಣ್ಣಿಗೆ ಎಲ್ಲ ನಡೆಯೂ ಒಂದೇ. ಸೋತವನಿಗೆ ಮನೆ ಕಾಯಬೇಕು ಅಂತ ಯಾಕೆ ಅನಿಸುತ್ತದೆ? ಇದನ್ನು ಹೇಳಲು ಹೋದೆ. ಮಾತು ತೊದಲಿತು. ಎಕ್ಸ್‌ರೇ ಕನಿಕರದಿಂದ ನೋಡಿದ. ಆ ನೋಟ ಬೇಡವಾಗಿತ್ತು.

"ಮೇಸ್ತ್ರಿ ಆಡಲಿ ಬಿಡಿ," ಕಂಡಕ್ಟರಮ್ಮ. "ಆ ಕಡೆ ನಿಮ್ಮ ಫೋನು. ಈ ಕಡೆ ನಮ್ಮ ಮೇಸ್ತ್ರಿ. ನಾನು ಎಣಿಸ್ತೀನಿ. ನನಗೆ ಅದೇ ಕೆಲಸ."

ಕೂತೆ. ಆನೆ ಎಡಕ್ಕೆ. ಆನೆ ಬಲಕ್ಕೆ. ನಡುವೆ ರಾಜನಿಗೆ ಒಂದು ಹೆಜ್ಜೆ. ಹದಿನೇಳನೇ ನಡೆಯಲ್ಲಿ ಫೋನು ತನ್ನ ಸಿಪಾಯಿಯನ್ನು ಒಂದು ಮನೆ ತಳ್ಳಿತು. ಸಿಪಾಯಿ ಕದಲಿದರೆ ಎಣಿಕೆ ಮತ್ತೆ ಒಂದರಿಂದ. ಕಂಡಕ್ಟರಮ್ಮ ಶಪಿಸಿದಳು, ಒಂದರಿಂದ ಶುರು ಮಾಡಿದಳು. ಭುಜ ಉರಿಯುತ್ತಿತ್ತು. ಕಾಯಿ ಎತ್ತುವುದಕ್ಕೆ ಭುಜ ಬೇಕಾ ಅಂತ ಕೇಳಬೇಡ.

ಇಪ್ಪತ್ತು. ಪ್ಲಸ್ ನಾಲ್ಕು. ಮೂವತ್ತು. ಪ್ಲಸ್ ನಾಲ್ಕು. ನಲವತ್ತು. ಪ್ಲಸ್ ಮೂರೂ ಮುಕ್ಕಾಲು. ಗೆಲ್ಲುತ್ತೇನೆ, ಗೆಲ್ಲುತ್ತೇನೆ ಅಂತಲೇ ಸುತ್ತುತ್ತಿತ್ತು. ನಲವತ್ತೇಳಕ್ಕೆ ಅಂಕಿ ಜಾರತೊಡಗಿತು. ಐವತ್ತಕ್ಕೆ ಸೊನ್ನೆ, ಪಾಯಿಂಟ್ ಸೊನ್ನೆ ಸೊನ್ನೆ.

ಕಂಡಕ್ಟರಮ್ಮ ಎದ್ದು ನಿಂತಳು. "ಇಳೀರಿ, ಕೊನೇ ಸ್ಟಾಪು."

ಎಕ್ಸ್‌ರೇ ಫೋನು ಜೇಬಿಗೆ ಹಾಕಿದ. "ಸೊನ್ನೆ ಆಗಿದ್ದು ಐವತ್ತು ನಡೆ ರೂಲ್ ಇರೋದಕ್ಕೆ. ಕಾಯಿ ನೋಡಿ ಅಲ್ಲ. ರೂಲ್ ಇಲ್ಲದಿದ್ರೆ ಅದು ಗೆಲ್ತಾ ಇತ್ತು."

"ಎಷ್ಟನೇ ನಡೆಗೆ?"

"ಯಾವಾಗಲಾದ್ರೂ."

ಕೊನೆಗೆ ಅವನ ಮಾತು: ಆಟ ನಿಂತ ಹೊತ್ತಿನ ಅಂಕಿಯೇ ಅಂಕಿ. ಎದುರಾಳಿಯ ಸಹಿ ತಂದರೆ ಈಗಲೇ ಬದಲಾಯಿಸುತ್ತೇನೆ, ಸಂತೋಷದಿಂದ. ಫಾರಂ ಕೊಟ್ಟ. ನನ್ನ ಸಹಿ ಅಲ್ಲೇ ಹಾಕಿದೆ. ಕಂಡಕ್ಟರಮ್ಮ ಅದನ್ನು ನಿನ್ನ ಆಫೀಸಿಗೆ ಒಯ್ದಳು. ಸಂಜೆ ಫೋನ್ ಮಾಡಿದಳು. "ಇಟ್ಟು ಹೋಗಿ, ನೋಡ್ತೀನಿ ಅಂದ್ರು ಮೇಸ್ತ್ರಿ. ಮರ್ಯಾದೆಯಾಗೇ ಅಂದ್ರು."

ಮರ್ಯಾದೆಯಾಗೇ. ಹೌದು. ಅದು ನಿನಗೆ ಚೆನ್ನಾಗಿ ಬರುತ್ತದೆ.

ಫೆಬ್ರುವರಿ ೧೮

ಸುದ್ದಿಯಿಲ್ಲ.

"ರೀ, ನಾಲ್ಕು ಸ್ಟಾಪ್ ಆಚೆ ಇರೋ ಮನೆ. ಕಾಲಿಗೆ ಏನಾಗಿದೆ?" ನಿನ್ನ ಅತ್ತಿಗೆ.

ಕಾಲಿಗೆ ಏನೂ ಆಗಿಲ್ಲ.

ಫೆಬ್ರುವರಿ ೨೦, ಗುರುವಾರ. ಸಂಜೆ ಆರೂವರೆ

ಹೋಗಿದ್ದೆ.

ಗುಬ್ಬಿ ಬಾಗಿಲು ತೆಗೆದಳು. "ದೊಡ್ಡಪ್ಪ" ಅಂದವಳು ಮುಂದೆ ಏನು ಹೇಳಬೇಕು ಅಂತ ತಿಳಿಯದೆ ನನ್ನ ಕೈಚೀಲ ಇಸಕೊಂಡಳು. ಎಷ್ಟು ದೊಡ್ಡವಳಾಗಿದ್ದಾಳೆ. ಸಣ್ಣಮ್ಮ ಡಾಕ್ಟರ ಹತ್ತಿರ ಹೋಗಿದ್ದಳಂತೆ. "ಅಪ್ಪ ಸ್ನಾನಕ್ಕೆ ಹೋಗಿದ್ದಾರೆ. ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದು ಸಾಹೇಬಂದು, ಎಬ್ಬಿಸಿದ್ರೆ ಪರಚ್ತಾನೆ." ಬೆಕ್ಕು ಇದ್ದಾನೆ. ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡ.

ಊಟದ ಮೇಜಿನ ಮೇಲೆ ಬೋರ್ಡು.

ದೂರದಿಂದಲೇ ಗೊತ್ತಾಯಿತು. ನಿನ್ನ ರಾಣಿ, ನನ್ನ ಆನೆ. ನಮ್ಮದೇ ಆಟ, ವಾಚ್‌ಮನ್ ಬಂದಾಗ ನಿಂತ ಹಾಗೆಯೇ. ಸುತ್ತ ಕಾಗದ. ನಿನ್ನ ಸಣ್ಣ ಅಕ್ಷರದಲ್ಲಿ ನಡೆಗಳು, ಗೀಟು ಹಾಕಿ ಹೊಡೆದದ್ದು, ಮತ್ತೆ ಬರೆದದ್ದು. ಎಣಿಸಿದೆ, ಹನ್ನೊಂದು ಹಾಳೆ. ಪಕ್ಕದಲ್ಲಿ ಆ ಫಾರಂ.

"ಹತ್ತು ದಿನದಿಂದ ಟೇಬಲ್ ಮುಟ್ಟೋ ಹಾಗಿಲ್ಲ ದೊಡ್ಡಪ್ಪ," ಗುಬ್ಬಿ ಮೆಲ್ಲಗೆ. "ನಾವು ತಟ್ಟೆ ತೊಡೆ ಮೇಲಿಟ್ಕೊಂಡು ಊಟ ಮಾಡ್ತಿದ್ದೀವಿ. ಆಫೀಸಿಂದ ಬಂದ್ರೆ ಇದರ ಮುಂದೆ. ಅಮ್ಮ ಬೈದು ಬೈದು ಸಾಕಾಗಿ ಬಿಟ್ಟಳು."

ನೀನು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದೆ. ನನ್ನನ್ನು ನೋಡಿದೆ, ಮೇಜು ನೋಡಿದೆ.

"ಯಾವಾಗ ಬಂದೆ?"

"ಈಗ." ಹಾಳೆಗಳ ಕಡೆ ಕೈ ತೋರಿಸಿ ಕೇಳಿದೆ, "ಸಿಕ್ಕಿತಾ?"

"ಏನು?"

"ಗೆಲುವು."

ತಲೆ ಒರೆಸಿಕೊಳ್ಳತೊಡಗಿದೆ. ಆಗಲೇ ಒಣಗಿದ ತಲೆ. "ಇನ್ನೂ ಇಲ್ಲ."

"ಇದ್ರೆ ತಾನೇ ಸಿಗೋದು."

"ಇರಲೇಬೇಕು ಅಣ್ಣ. ನಾಲ್ಕು ಪಾಯಿಂಟ್. ಎಲ್ಲಿಗೆ ಹೋಗತ್ತೆ ಅದು? ಪೈಪಲ್ಲಿ ನೀರು ಕಡಿಮೆ ಬಂತು ಅಂದ್ರೆ ದಾರೀಲಿ ಎಲ್ಲೋ ಒದ್ದೆ ಆಗಿರಬೇಕು. ಸುಮ್ಮಸುಮ್ಮನೆ ಮಾಯ ಆಗಲ್ಲ."

"ಮಾಯ ಆಗಿಲ್ಲ. ಹೊರಗೇ ನಿಂತಿದೆ. ಒಳಗೆ ಬರಕ್ಕೆ ದಾರಿಯಿಲ್ಲ, ಅಷ್ಟೇ."

"ಫೋನು..."

"ಫೋನ್ ಬಿಡು. ನೀನು ಮೂವತ್ತೆಂಟು ನಡೆ ಸುತ್ತಿದೆ. ಹತ್ತು ದಿನ ಇಲ್ಲಿ ಕೂತಿದ್ದೀಯ. ನೀನು ಕಂಡಿದ್ದು ಏನು? ಅದನ್ನ ಬರಿ."

ನೀನು ಕುರ್ಚಿ ಹಿಡಿದು ನಿಂತೆ. "ಡಿಪೋ ವಿಷಯ ನನಗೆ ಗೊತ್ತು. ಅದಕ್ಕೆ ಸಹಿ ಹಾಕು ಅಂದ್ರೆ ಹಾಕ್ತೀನಿ. ಅಣ್ಣ ಕೇಳ್ದ ಅಂತ ಹಾಕ್ತೀನಿ. ಆದ್ರೆ ಅದು ಡ್ರಾ ಅಂತ ಅಲ್ಲ."

"ಅದು ನನಗೆ ಬೇಡ."

"ಮತ್ತೆ ಏನು ಮಾಡಲಿ? ನನಗೆ ಗೆಲ್ಲಕ್ಕೆ ಬರಲಿಲ್ಲ ಅಂತ ಬೇಕಾದ್ರೆ ಬರ್ಕೊಡ್ತೀನಿ. ಗೆಲುವೇ ಇಲ್ಲ ಅಂತ ಹೇಗೆ ಬರೀಲಿ?"

"ನಿನ್ನನ್ನ ನೀನೇ ದಡ್ಡ ಅಂತ ಬರ್ಕೊಡ್ತೀಯ. ಅಣ್ಣ ಸರಿ ಅಂತ ಬರೆಯಕ್ಕೆ ಮಾತ್ರ ಆಗಲ್ಲ."

ಗುಬ್ಬಿ ಟೀ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಕುಡಿಯದೆ ಬಂದೆ. ಹುಡುಗಿ ಮಾಡಿದ ಟೀ. ಅದೊಂದು ತಪ್ಪು ನನ್ನದು.

ಫೆಬ್ರುವರಿ ೨೧

ಸಹಿ ಹಾಕಿಸಿಕೊಂಡು ಬರಬಹುದಿತ್ತು. ಹಾಕ್ತೀನಿ ಅಂದೆಯಲ್ಲ. ಕಂಡಕ್ಟರಮ್ಮನಿಗೆ ಈ ಭಾಗ ಹೇಳಲಿಲ್ಲ. ಹೇಳಿದ್ದರೆ ನನ್ನನ್ನು ಮತ್ತೆ ಬಸ್ಸು ಹತ್ತಿಸುತ್ತಿರಲಿಲ್ಲ.

ಬೆಳಿಗ್ಗೆಯಿಂದ ಒಂದೇ ಯೋಚನೆ. ನಿನಗೆ ಆಗ ಎಂಟು ವರ್ಷ. ಹಿತ್ತಲ ಕಟ್ಟೆಯ ಮೇಲೆ ಕೂರಿಸಿಕೊಂಡು ನಿನಗೆ ಆಟ ಕಲಿಸಿದೆ. ರಾಣಿ ಒಂಬತ್ತು, ಆನೆ ಐದು, ಕುದುರೆ ಮೂರು, ಒಂಟೆ ಮೂರು, ಸಿಪಾಯಿ ಒಂದು. ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದವನು ನಾನು. ತಪ್ಪಿದರೆ ತಲೆಗೆ ಮೊಟಕುತ್ತಿದ್ದೆ. ಆ ಲೆಕ್ಕ ಮಗುವಿಗೆ ನಡೆಯಲು ಕಲಿಸುವಾಗ ಹಿಡಿಸುವ ಗೋಡೆ. ಕಾಲು ಬಂದ ಮೇಲೆ ಬಿಡಿಸಬೇಕು. ರಾಣಿ ಎಲ್ಲ ಕಡೆಯೂ ಒಂಬತ್ತಲ್ಲ, ಎಲ್ಲಿ ನಿಂತಿದ್ದಾಳೆ ನೋಡು ಅಂತ ಹೇಳಬೇಕಿತ್ತು. ನನಗೆ ಅದು ಗೊತ್ತಾಗುವ ಹೊತ್ತಿಗೆ ನೀನು ನನ್ನನ್ನು ಸೋಲಿಸಲು ಶುರು ಮಾಡಿದ್ದೆ. ಹೇಳಲು ಮನಸ್ಸಾಗಲಿಲ್ಲ. ಅಷ್ಟಾದರೂ ನನ್ನ ಹತ್ತಿರ ಇರಲಿ ಅಂತ ಇಟ್ಟುಕೊಂಡೆ.

ಈಗ ಅದನ್ನೇ ನೀನು ನಂಬುತ್ತಿಲ್ಲ ಅಂತ ಕೂಗಾಡುತ್ತೇನೆ.

ಫೆಬ್ರುವರಿ ೨೩, ಭಾನುವಾರ. ಸಂಜೆ ಐದು

ಹದಿನೈದನೇ ದಿನ. ಕಂಡಕ್ಟರಮ್ಮ ಫಾರಂ ತಂದಳು. ನೀನು ಸಣ್ಣಮ್ಮನ ಕೈಲಿ ಕೊಟ್ಟು ಕಳಿಸಿದ್ದೀಯ. ನನ್ನ ಸಹಿಯ ಪಕ್ಕದ ಜಾಗ ಖಾಲಿ. ಕೆಳಗೆ, ಸಣ್ಣ ಅಕ್ಷರದಲ್ಲಿ: "ನನಗೆ ಇನ್ನೂ ನಿರ್ಧಾರಕ್ಕೆ ಬರಲಾಗಿಲ್ಲ."

"ಇದು ಹೌದು ಅಂತಾನಾ ಇಲ್ಲ ಅಂತಾನಾ ಮೇಸ್ತ್ರಿ?"

"ನಿಜ," ಎಂದೆ. "ಅವನು ಸುಳ್ಳು ಬರೆಯಲ್ಲ."

"ನಿಜ ತಗೊಂಡು ಏನು ಮಾಡೋದು ನಾವು," ಎಂದಳು. ಕಣ್ಣು ತುಂಬಿತ್ತು. ಐದು ವರ್ಷ ಟೀಮು ಕಟ್ಟಿದವಳು. ಡ್ಯೂಟಿ ಬದಲಾಯಿಸಿಕೊಂಡು, ರಜೆ ಹಾಕಿಕೊಂಡು. ನಾನು ದಯೆ ಬೇಡ ಅಂತ ಎದ್ದು ಬಂದದ್ದರ ಬೆಲೆ ಅವಳೂ ಕಟ್ಟಬೇಕು.

ಈಗ ಹೇಳಿದೆ. ನೀನು ಹಾಕ್ತೀನಿ ಅಂದದ್ದು, ನಾನು ಬೇಡ ಅಂದದ್ದು. ಪೂರ್ತಿ.

"ನೀವಿಬ್ಬರೂ ಒಂದೇ ಅಚ್ಚು," ಎಂದಳು. ಚಪ್ಪಲಿ ಹಾಕಿಕೊಂಡು ಹೋದಳು.

ಮಾರ್ಚ್ ೩

ಗೇಟ್ ಪಾಸ್ ಕೊಟ್ಟು ಬಂದೆ. ಗೇಟಿನವನು ನನ್ನ ಕೈಕೆಳಗೆ ಎರಡು ವರ್ಷ ಟೈರು ಉರುಳಿಸಿದವನು. ಪಾಸನ್ನು ತಿರುಗಿಸಿ ತಿರುಗಿಸಿ ನೋಡಿದ. "ಇರಲಿ ಬಿಡಿ ಮೇಸ್ತ್ರಿ, ಯಾರು ಕೇಳ್ತಾರೆ." ಬೇಡ ಎಂದೆ. ಚೆಸ್ ಕೋಣೆಯ ಕಿಟಕಿಗೆ ಆಗಲೇ ಫೈಲು ಆತುಕೊಂಡಿವೆ, ಬೆಳಕು ಒಳಗೆ ಹೋಗುವುದಿಲ್ಲ.

ಕಂಡಕ್ಟರಮ್ಮನ ಬಸ್ಸು ಹೊರಡುತ್ತಿತ್ತು. ನೋಡಿದಳು. ಸೀಟಿ ಊದಿದಳು. ಬಸ್ಸು ಹೋಯಿತು.

ಮಾರ್ಚ್ ೮, ಶನಿವಾರ. ಬೆಳಿಗ್ಗೆ ಹತ್ತು

ಶರ್ಟು ಹಾಕಿಕೊಂಡು ಕೂತಿದ್ದೇನೆ. ಅಭ್ಯಾಸ.

ಗುಬ್ಬಿ ನಿನ್ನ ಅತ್ತಿಗೆಗೆ ಫೋನ್ ಮಾಡಿದ್ದಳಂತೆ. ಮೇಜಿನ ಮೇಲೆ ಬೋರ್ಡು ಇನ್ನೂ ಹಾಗೇ ಇದೆಯಂತೆ. ಹಾಳೆ ಇಪ್ಪತ್ತು ದಾಟಿದೆಯಂತೆ. ಕೇಳಿದಾಗ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ನೀನು ಹುಡುಕುತ್ತಿರುವುದು ನನ್ನನ್ನು ಸೋಲಿಸುವ ದಾರಿ. ಇಷ್ಟು ದಿನ ನನ್ನ ಬಗ್ಗೆ ಇಷ್ಟು ಯೋಚಿಸಿದವರು ಬೇರೆ ಯಾರೂ ಇಲ್ಲ.

ಹಾಗಾಗಿ ಇದನ್ನು ನೋಟ್‌ಬುಕ್ಕಿನಿಂದ ಅಂಚೆ ಕಾರ್ಡಿಗೆ ಇಳಿಸುತ್ತೇನೆ. ಈ ಸಲ ಹಾಕುತ್ತೇನೆ.

ತಮ್ಮಯ್ಯ, ಇನ್ನು ಯಾವ ಟೀಮೂ ಇಲ್ಲ, ಅರ್ಧ ಅಂಕವೂ ಇಲ್ಲ. ಸಹಿ ಬೇಡ. ಆಟ ನಿಂತಾಗ ನಡೆ ನಿನ್ನದಿತ್ತು. ಐವತ್ತರ ನಿಯಮ ಬೇಡ, ಐನೂರು ನಡೆ ಆಡು. ಒಂದು ಕಾರ್ಡಿಗೆ ಒಂದು ನಡೆ. ಬಂದ ದಿನವೇ ಉತ್ತರ ಹಾಕುತ್ತೇನೆ, ನನಗೆ ಯೋಚಿಸುವುದೇನೂ ಇಲ್ಲ, ಇರುವುದು ಎರಡೇ ಮನೆ. ಗೆಲುವು ಸಿಕ್ಕರೆ ನಾನೇ ಬಂದು ಕೈ ಕೊಡುತ್ತೇನೆ. ಸಿಗದಿದ್ದರೆ ಅದನ್ನೂ ಬರಿ, ಇಲ್ಲ ಅಂತ, ಅಷ್ಟೇ ಅಕ್ಷರ. ನಮಗೆ ಈಗ ಎಷ್ಟು ವಯಸ್ಸು ಅಂತ ನಿನಗೂ ಗೊತ್ತು. ತಡಮಾಡಬೇಡ, ಬೇಗ ಬರಿ. ರಾಣಿಯನ್ನು ಎಲ್ಲಿಗೆ ನಡೆಸುತ್ತೀಯ?